ಗಣಿತ ಪಿರಿಯಡ್‌ನ ಕೊನೆಯ ಏಳು ನಿಮಿಷ: 6, 7, 8ನೇ ತರಗತಿ ಮಕ್ಕಳಿಂದ ಕಲಿಕೆಯ ಹಿನ್ನೋಟ ಬರೆಸುವುದು ಹೇಗೆ?

ಯಾವುದೇ ಶಾಲೆಯ ಗಣಿತದ ನೋಟ್‌ಬುಕ್ ತೆಗೆದು ನೋಡಿ. ಲೆಕ್ಕ ಇರುತ್ತದೆ, ಉತ್ತರ ಇರುತ್ತದೆ, ನಮ್ಮ ಕೆಂಪು ಟಿಕ್ ಇರುತ್ತದೆ. ಆ ಲೆಕ್ಕ ಮಾಡುವಾಗ ಮಗುವಿನ ತಲೆಯಲ್ಲಿ ಏನು ನಡೆಯಿತು ಅನ್ನೋದು ಮಾತ್ರ ಎಲ್ಲೂ ಇರುವುದಿಲ್ಲ. ಬೋರ್ಡ್ ನೋಡಿ ಇಳಿಸಿಕೊಂಡ ಮಗುವಿನ ಪುಟವೂ ತಾನೇ ಯೋಚಿಸಿ ಮಾಡಿದ ಮಗುವಿನ ಪುಟವೂ ಒಂದೇ ಥರ ಕಾಣುತ್ತವೆ. ವ್ಯತ್ಯಾಸ ಗೊತ್ತಾಗೋದು ಪರೀಕ್ಷೆಯಲ್ಲಿ. ಅಷ್ಟೊತ್ತಿಗೆ ನಾವು ಮುಂದಿನ ಎರಡು ಪಾಠ ಮುಗಿಸಿರುತ್ತೇವೆ.

ಇದಕ್ಕೆ ಒಂದು ದಾರಿ ಇದೆ. ಪಾಠ ಮುಗಿದ ಮೇಲೆ ಮಕ್ಕಳು ತಾವು ಯೋಚಿಸಿದ್ದನ್ನು ಒಮ್ಮೆ ತಿರುಗಿ ನೋಡಿ, ಎರಡು ಸಾಲು ಬರೆಯಬೇಕು. ಹೊಸ ಮಾತೇನಲ್ಲ ಇದು. ಹಂಗೇರಿ ಮೂಲದ ಗಣಿತಜ್ಞ ಜಾರ್ಜ್ ಪೋಲ್ಯ 1945ರಲ್ಲೇ ಲೆಕ್ಕ ಬಿಡಿಸುವ ನಾಲ್ಕು ಹಂತ ಹೇಳಿದ್ದರು: ಲೆಕ್ಕ ಅರ್ಥ ಮಾಡಿಕೊ, ದಾರಿ ಯೋಚಿಸು, ಆ ದಾರಿಯಲ್ಲಿ ಮಾಡು, ಆಮೇಲೆ ತಿರುಗಿ ನೋಡು. ನಮ್ಮ ತರಗತಿಗಳಲ್ಲಿ ಮೂರನೆಯದು ಜೋರಾಗಿ ನಡೆಯುತ್ತದೆ. ನಾಲ್ಕನೆಯದಕ್ಕೆ ಗಂಟೆ ಹೊಡೆದುಬಿಡುತ್ತದೆ.

ನಾನು ಗಂಗಾವತಿ ಕಡೆಯ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಗಣಿತ ಹೇಳುವವನು. ಕೊಪ್ಪಳ, ರಾಯಚೂರು, ಬಳ್ಳಾರಿಯ ಶಾಲೆಗಳಲ್ಲಿ ಇದನ್ನು ಹೇಗೆ ಮಾಡಬಹುದು ಅಂತ ಹಂತ ಹಂತವಾಗಿ ಬರೆಯುತ್ತಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಮಕ್ಕಳು ಬರೆದದ್ದನ್ನು ಓದಿ ನಾಳೆಯ ಪಾಠವನ್ನು ಸ್ವಲ್ಪವಾದರೂ ಬದಲಿಸಲು ನೀವು ತಯಾರಿಲ್ಲದಿದ್ದರೆ ಇದನ್ನು ಶುರು ಮಾಡಬೇಡಿ. ಸರ್ ಓದಲ್ಲ, ಓದಿದರೂ ಏನೂ ಆಗಲ್ಲ ಅಂತ ಮಕ್ಕಳಿಗೆ ಎರಡೇ ವಾರದಲ್ಲಿ ಗೊತ್ತಾಗುತ್ತದೆ. ಆಮೇಲೆ ಬರೋದೆಲ್ಲ 'ಪಾಠ ಚೆನ್ನಾಗಿತ್ತು' ಅಷ್ಟೇ.

ಈ ವಯಸ್ಸಿಗೇ ಯಾಕೆ?

ಐದನೇ ತರಗತಿವರೆಗಿನ ಗಣಿತ ಬಹುಮಟ್ಟಿಗೆ ಕಣ್ಣಿಗೆ ಕಾಣುವಂಥದ್ದು. ಎಣಿಸಬಹುದು, ಹಂಚಬಹುದು, ಅಳೆಯಬಹುದು. ಆರರಿಂದ ಎಂಟರೊಳಗೆ ಋಣ ಸಂಖ್ಯೆ ಬರುತ್ತದೆ. ಸಂಖ್ಯೆಯ ಜಾಗದಲ್ಲಿ ಅಕ್ಷರ ಬಂದು ಕೂರುತ್ತದೆ. ಅನುಪಾತ, ಶೇಕಡಾ, ಬೀಜೋಕ್ತಿ ಎಲ್ಲ ಒಟ್ಟಿಗೆ ಬರುತ್ತವೆ. ಬಾಯಿಪಾಠದ ಬಲದಲ್ಲಿ ಇಲ್ಲಿಯವರೆಗೆ ಬಂದ ಮಗು ಇಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. 'ನನಗ ಗಣಿತ ಬರೂದಿಲ್ರಿ' ಅನ್ನೋ ಮಾತು ನಾನು ಜಾಸ್ತಿ ಕೇಳೋದು ಏಳನೇ ತರಗತಿಯಲ್ಲೇ. ಆ ಮಗುವಿಗೆ ನಿಜವಾಗಿ ಬಾರದಿರೋದು ಗಣಿತ ಅಲ್ಲ. ಛೇದ ಬೇರೆ ಬೇರೆ ಇದ್ದಾಗ ಕೂಡಿಸೋದು, ಅಷ್ಟೇ. ಆದರೆ ತನಗೆ ಬಾರದ್ದು ಯಾವುದು ಅಂತ ಬೊಟ್ಟು ಮಾಡಿ ತೋರಿಸೋದು ಅದಕ್ಕೆ ಗೊತ್ತಿಲ್ಲ. ಹಿನ್ನೋಟ ಬರೆಸೋದು ಆ ಬೊಟ್ಟು ಮಾಡೋದನ್ನು ಕಲಿಸೋಕೆ.

ಹಂತ 1: ಪುಸ್ತಕ, ಜಾಗ, ಸಮಯ

ಪ್ರತಿ ಮಗುವಿಗೆ 100 ಪುಟದ ಒಂದು ನೋಟ್‌ಬುಕ್ ಸಾಕು. ಕ್ಲಾಸ್‌ವರ್ಕ್ ಪುಸ್ತಕದ ಹಿಂಭಾಗದಲ್ಲೇ ಬರೆಸಬಹುದಲ್ಲ ಅನ್ನಿಸುತ್ತದೆ. ಬೇಡ. ಕ್ಲಾಸ್‌ವರ್ಕ್ ಪುಸ್ತಕಕ್ಕೆ ಕೆಂಪು ಪೆನ್ನು ಬೀಳುತ್ತದೆ, ಇದಕ್ಕೆ ಬೀಳಬಾರದು. ಪುಸ್ತಕವೇ ಬೇರೆ ಇದ್ದರೆ ಆ ಭರವಸೆ ಮಕ್ಕಳಿಗೆ ಕಣ್ಣಿಗೆ ಕಾಣುತ್ತದೆ.

ಪುಸ್ತಕಗಳು ಶಾಲೆಯಲ್ಲೇ ಇರಲಿ. ಒಂದು ರಟ್ಟಿನ ಡಬ್ಬಿಯಲ್ಲಿ ಹಾಕಿ ತರಗತಿಯ ಮೂಲೆಯಲ್ಲಿ ಇಡಿ. ಮನೆಗೆ ಹೋದರೆ ಮರೆತು ಬರುತ್ತಾರೆ, ಇಲ್ಲವೇ ಅಣ್ಣ ಅಕ್ಕ ಬರೆದುಕೊಡುತ್ತಾರೆ.

ಪಿರಿಯಡ್ 40 ನಿಮಿಷದ್ದಾದರೆ ಕೊನೆಯ ಏಳು ನಿಮಿಷ ಇದಕ್ಕೆ ಮೀಸಲು. ದಿನಾ ಬೇಡ, ವಾರಕ್ಕೆ ಎರಡು ದಿನ ಸಾಕು. ದಿನಾ ಬರೆಸಿದರೆ ಅದು ಹಾಜರಿ ಕರೆಯೋ ಥರ ಯಾಂತ್ರಿಕ ಆಗಿಬಿಡುತ್ತದೆ. ನಾನು ಮಂಗಳವಾರ ಮತ್ತು ಶುಕ್ರವಾರ ಇಟ್ಟುಕೊಂಡಿದ್ದೇನೆ. ಶನಿವಾರ ಬೆಳಗಿನ ಶಾಲೆ, ಮಕ್ಕಳ ಗಮನ ಆಗಲೇ ಮನೆ ಕಡೆ ಇರುತ್ತದೆ, ಅವತ್ತು ಇದರ ಗೊಡವೆ ಬೇಡ.

'ಪೋರ್ಷನ್ ಮುಗಿಯಲ್ಲ ಸರ್' ಅನ್ನೋ ಮಾತು ಬಂದೇ ಬರುತ್ತದೆ. ವಾರಕ್ಕೆ 14 ನಿಮಿಷ ಹೋಗುತ್ತದೆ, ನಿಜ. ಆದರೆ ಅರ್ಧ ತರಗತಿಗೆ ಹತ್ತದ ಪಾಠವನ್ನು ಫೆಬ್ರವರಿಯಲ್ಲಿ ಪುನರಾವರ್ತನೆ ಅಂತ ಮತ್ತೆ ಮೊದಲಿಂದ ಹೇಳುತ್ತೇವಲ್ಲ, ಅದಕ್ಕೆ ಹೋಗುವ ಸಮಯವನ್ನೂ ಲೆಕ್ಕ ಹಾಕಿ.

ಹಂತ 2: ಮೊದಲು ಬಾಯಲ್ಲಿ, ಆಮೇಲೆ ಕಾಗದದಲ್ಲಿ

ಮೊದಲ ದಿನವೇ ಪುಸ್ತಕ ಕೊಟ್ಟು 'ನಿಮ್ಮ ಯೋಚನೆ ಬರೀರಿ' ಅಂದರೆ ಮಕ್ಕಳು ಪಕ್ಕದವರ ಮುಖ ನೋಡುತ್ತಾರೆ. ಯೋಚನೆ ಬರೆಯೋದು ಅಂದರೇನು ಅಂತ ಅವರು ಯಾವತ್ತೂ ನೋಡಿಲ್ಲ. ಹಾಗಾಗಿ ಮೊದಲ ಎರಡು ವಾರ ಬರವಣಿಗೆ ಬೇಡ. ನೀವೇ ಮಾಡಿ ತೋರಿಸಿ.

ಬೋರ್ಡ್ ಮೇಲೆ ಒಂದು ಲೆಕ್ಕ ಬರೆಯಿರಿ. ಬಿಡಿಸುತ್ತಾ ತಲೆಯಲ್ಲಿ ಓಡೋದನ್ನೆಲ್ಲ ಬಾಯಿಬಿಟ್ಟು ಹೇಳಿ. 'ಇಲ್ಲಿ ಕೂಡಿಸಬೇಕೋ ಗುಣಿಸಬೇಕೋ ಅಂತ ನನಗೆ ಒಂದು ಕ್ಷಣ ಅನುಮಾನ ಬಂತು. ಹೊಲದ ಉದ್ದ, ಅಗಲ ಕೊಟ್ಟಿದ್ದಾರೆ. ಬೇಲಿ ಹಾಕೋಕೆ ತಂತಿ ಎಷ್ಟು ಬೇಕು ಅಂತ ಕೇಳಿದ್ದಾರೆ. ಬೇಲಿ ಅಂಚಿನಲ್ಲಿ ಬರುತ್ತೆ, ಒಳಗೆ ಬರಲ್ಲ. ಹಾಗಾದ್ರೆ ಸುತ್ತಳತೆ.' ಹೀಗೆ. ನಿಜವಾಗಿ ಅನುಮಾನ ಬರುವಂಥ ಲೆಕ್ಕವನ್ನೇ ಆರಿಸಿಕೊಳ್ಳಿ. ಮೇಷ್ಟ್ರೂ ನಡುವೆ ನಿಂತು ಯೋಚಿಸುತ್ತಾರೆ ಅಂತ ಗೊತ್ತಾಗೋದು ಎಷ್ಟೋ ಮಕ್ಕಳಿಗೆ ದೊಡ್ಡ ಸಮಾಧಾನ.

ಆಮೇಲೆ ಜೋಡಿ ಮಾಡಿ ಕೂರಿಸಿ. ಒಬ್ಬರು ಲೆಕ್ಕ ಮಾಡುತ್ತಾ ಗಟ್ಟಿಯಾಗಿ ಹೇಳಬೇಕು. ಇನ್ನೊಬ್ಬರು ಕೇಳಬೇಕು, ನಡುವೆ 'ಯಾಕ?' ಅಂತ ಮಾತ್ರ ಅನ್ನಬಹುದು. ಉತ್ತರ ಹೇಳಿಕೊಡುವಂತಿಲ್ಲ. ನಮ್ಮ ಮಕ್ಕಳು ಈ 'ಯಾಕ'ವನ್ನು ಬಹಳ ಖುಷಿಯಿಂದ ಕೇಳುತ್ತಾರೆ, ಗದ್ದಲ ಆಗುತ್ತದೆ. ಆಗಲಿ.

ಹಂತ 3: ಪ್ರಶ್ನೆ ಆರಿಸುವುದು

ಎಲ್ಲ ನಿಂತಿರೋದು ಇದರ ಮೇಲೆ. 'ಇವತ್ತು ಏನು ಕಲಿತೆ?' ಅಂತ ಕೇಳಿದರೆ 'ಭಿನ್ನರಾಶಿ ಕಲಿತೆ' ಅಂತ ಬರುತ್ತದೆ. 'ಪಾಠ ಹೇಗಿತ್ತು?' ಅಂದರೆ 'ಚೆನ್ನಾಗಿತ್ತು'. 'ಏನು ಕಷ್ಟ ಆಯ್ತು?' ಅಂದರೆ 'ಏನೂ ಇಲ್ಲ' ಅಥವಾ 'ಎಲ್ಲಾ'. ಮಕ್ಕಳದ್ದೇನೂ ತಪ್ಪಿಲ್ಲ. ಪ್ರಶ್ನೆ ತೀರಾ ಅಗಲ ಆಯಿತು.

ಒಳ್ಳೆಯ ಪ್ರಶ್ನೆ ಅವತ್ತಿನ ಒಂದು ಲೆಕ್ಕಕ್ಕೆ ಅಥವಾ ಒಂದು ಹೆಜ್ಜೆಗೆ ಅಂಟಿಕೊಂಡಿರುತ್ತದೆ. ಒಂದು ಉದಾಹರಣೆ ಹತ್ತಿರದಿಂದ ನೋಡೋಣ.

ಏಳನೇ ತರಗತಿ, ಭಿನ್ನರಾಶಿ ಸಂಕಲನ. ಬಹಳ ಮಕ್ಕಳು 1/2 + 1/4 = 2/6 ಅಂತ ಮಾಡುತ್ತಾರೆ. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು. 'ತಪ್ಪು, ಸಮಛೇದ ಮಾಡಬೇಕು' ಅಂತ ನಾವು ತಿದ್ದುತ್ತೇವೆ. ಮಗು ತಿದ್ದಿಕೊಳ್ಳುತ್ತದೆ, ಮುಂದಿನ ವಾರ ಮತ್ತೆ 2/6 ಬರೆಯುತ್ತದೆ. ಯಾಕೆಂದರೆ 2/6 ಯಾಕೆ ಆಗಲ್ಲ ಅಂತ ಅದಕ್ಕೆ ಅನ್ನಿಸಿಯೇ ಇಲ್ಲ.

ಅವತ್ತಿನ ಹಿನ್ನೋಟದ ಪ್ರಶ್ನೆ ಹೀಗಿರಲಿ: 'ಅರ್ಧ ಎಕರೆ ಹೊಲಕ್ಕೆ ಪಕ್ಕದ ಕಾಲೆಕರೆ ಸೇರಿಸಿದರೆ ಎಷ್ಟು ಗುಂಟೆ? ಒಬ್ಬ ಹುಡುಗ 2/6 ಎಕರೆ ಅಂದ. ಅವನ ಉತ್ತರ ಸರಿಯೋ ಅಲ್ಲವೋ ಅಂತ ಹೇಗೆ ಪರೀಕ್ಷೆ ಮಾಡುತ್ತೀ?' ಎಕರೆಗೆ 40 ಗುಂಟೆ ಅನ್ನೋದು ನಮ್ಮ ಮಕ್ಕಳಿಗೆ ಪುಸ್ತಕ ಹೇಳಬೇಕಿಲ್ಲ. ಅರ್ಧ ಅಂದರೆ 20 ಗುಂಟೆ, ಕಾಲು ಅಂದರೆ 10, ಒಟ್ಟು 30. ಅದೇ 2/6 ಅಂದರೆ ಮೂರರಲ್ಲಿ ಒಂದು ಪಾಲು, 13 ಗುಂಟೆಗಿಂತ ಸ್ವಲ್ಪ ಜಾಸ್ತಿ. ಇಲ್ಲಿಗೆ ಬಂದ ಮಗು ಬರೆಯುವ ಸಾಲು ಬೇರೆಯೇ ಆಗಿರುತ್ತದೆ: 'ಇದ್ದ ಅರ್ಧಕ್ಕ ಇನ್ನಷ್ಟು ಸೇರಿಸಿದ್ರ ಅರ್ಧಕ್ಕಿಂತ ಕಡಿಮಿ ಹೆಂಗ ಆಗ್ತೈತಿ? ಹಂಗಾದ್ರ ಛೇದ ಕೂಡಿಸಬಾರದು.' ಇಂಥ ಸಾಲು ಒಮ್ಮೆ ತನ್ನ ಕೈಯಿಂದ ಬರೆದ ಮಗು 2/6ಕ್ಕೆ ಸುಲಭವಾಗಿ ವಾಪಸ್ ಹೋಗಲ್ಲ. ಹೋದರೂ ನಡುವೆ ಒಮ್ಮೆ ತಡೆದು ನಿಲ್ಲುತ್ತದೆ.

ಪಾಠಕ್ಕೆ ತಕ್ಕಂತೆ ಇನ್ನೂ ಕೆಲವು ಪ್ರಶ್ನೆ ಕೊಡುತ್ತೇನೆ. ಹಾಗೇ ಬಳಸಿ, ಇಲ್ಲವೇ ನಿಮ್ಮ ಊರಿಗೆ ತಕ್ಕಂತೆ ಬದಲಿಸಿಕೊಳ್ಳಿ.

ಪೂರ್ಣಾಂಕಗಳು: 'ಕಿರಾಣಿ ಅಂಗಡಿಯಲ್ಲಿ 50 ರೂಪಾಯಿ ಉದ್ರಿ ಇದೆ. ಅಂಗಡಿಯವರು ಅದರಲ್ಲಿ 20 ರೂಪಾಯಿ ಬಿಟ್ಟುಬಿಟ್ಟರು. ಇದನ್ನು −50 − (−20) ಅಂತ ಬರೆಯಬಹುದಾ? ಉದ್ರಿ ಕಳೆದರೆ ನಿನಗೆ ಲಾಭವೋ ನಷ್ಟವೋ?' ಎರಡು ಮೈನಸ್ ಸೇರಿ ಪ್ಲಸ್ ಅನ್ನೋ ಮಂತ್ರ ಹೇಳುವ ಮಗುವಿಗೂ ಅದರ ಅರ್ಥ ಗೊತ್ತಿದೆಯೇ ಅಂತ ಇದರಲ್ಲಿ ತಿಳಿಯುತ್ತದೆ.

ಸುತ್ತಳತೆ, ವಿಸ್ತೀರ್ಣ: '10 ಮೀಟರ್ ಉದ್ದ, 10 ಮೀಟರ್ ಅಗಲದ ಒಂದು ಮಡಿ. 16 ಮೀಟರ್ ಉದ್ದ, 4 ಮೀಟರ್ ಅಗಲದ ಇನ್ನೊಂದು ಮಡಿ. ಎರಡಕ್ಕೂ ಬೇಲಿ 40 ಮೀಟರ್ರೇ. ಬೆಳೆ ಎರಡರಲ್ಲೂ ಅಷ್ಟೇ ಬರುತ್ತದೆಯೇ? ಲೆಕ್ಕ ಮಾಡುವ ಮೊದಲು ಏನು ಅಂದುಕೊಂಡಿದ್ದೆ, ಮಾಡಿದ ಮೇಲೆ ಏನು ಗೊತ್ತಾಯ್ತು?' ವಿಸ್ತೀರ್ಣ 100 ಮತ್ತು 64 ಚದರ ಮೀಟರ್. 'ಮೊದಲು' ಮತ್ತು 'ಮೇಲೆ' ಅನ್ನೋ ಎರಡು ಪದ ಈ ಪ್ರಶ್ನೆಯ ಜೀವ.

ಶೇಕಡಾ: ಎಂಟನೇ ತರಗತಿಗೆ ಇದು ನನ್ನ ಇಷ್ಟದ ಪ್ರಶ್ನೆ. 'ಭತ್ತ ಚೀಲಕ್ಕೆ 2000 ರೂಪಾಯಿ ಅಂತ ಇಟ್ಟುಕೋ. ಶೇ. 10 ಏರಿತು, ಆಮೇಲೆ ಶೇ. 10 ಇಳಿಯಿತು. ಮತ್ತೆ 2000ಕ್ಕೇ ಬರಬೇಕಲ್ವಾ?' ಏರಿದಾಗ 2200. ಇಳಿದಾಗ 2200ರ ಶೇ. 10, ಅಂದರೆ 220 ಹೋಗಿ 1980. 'ಆ 20 ರೂಪಾಯಿ ಎಲ್ಲಿ ಹೋಯ್ತು?' ಅಂತ ಬರೆಯಲು ಹೇಳಿ. ಗಂಗಾವತಿ, ಸಿಂಧನೂರು, ಸಿರುಗುಪ್ಪ ಕಡೆ ಭತ್ತದ ರೇಟಿನ ಮಾತು ಮನೆಯಲ್ಲಿ ದಿನಾ ನಡೆಯುತ್ತದೆ. ಈ ಪ್ರಶ್ನೆ ಮನೆಗೂ ಹೋಗುತ್ತದೆ, ಅಪ್ಪಂದಿರೂ ತಲೆ ಕೆರೆದುಕೊಳ್ಳುತ್ತಾರೆ.

ಸರಳ ಸಮೀಕರಣ: '2 ಎಕ್ಸ್ + 3 = 11. ಮೂರನ್ನು ಆ ಕಡೆ ಒಯ್ದರೆ ಮೈನಸ್ ಆಗುತ್ತದೆ ಅಂತೀವಿ. ಯಾಕೆ ಆಗುತ್ತದೆ? ಚಿಹ್ನೆ ಬದಲಾಗುತ್ತದೆ ಅನ್ನೋ ಮಾತು ಬಳಸದೆ ಹೇಳು.' ಆ ಮಾತನ್ನು ನಿಷೇಧಿಸಿದ ಕೂಡಲೇ ಯಾರಿಗೆ ತಿಳಿದಿದೆ, ಯಾರಿಗಿಲ್ಲ ಅಂತ ಬೇರೆಯಾಗುತ್ತದೆ. ಎರಡೂ ಕಡೆಯಿಂದ ಮೂರು ಕಳೆದೆವು ಅಂತ ಬರೆದರೆ ಗೆದ್ದ ಹಾಗೆ. 'ಆ ಕಡೆ ಒಯ್ಯುವುದು' ಅಂತ ಹೇಳಿಕೊಡೋದನ್ನು ಆರನೇ, ಏಳನೇ ತರಗತಿಯಲ್ಲಿ ನಾವು ಪೂರ್ತಿ ಬಿಟ್ಟುಬಿಡಬೇಕು ಅನ್ನೋದು ನನ್ನ ಖಚಿತ ಅಭಿಪ್ರಾಯ. ಅದು ಬೇಗ ಉತ್ತರ ತರುತ್ತದೆ, ಮುಂದೆ ಅಷ್ಟೇ ತೊಂದರೆಯನ್ನೂ ತರುತ್ತದೆ.

ಒಂದು ದಿನಕ್ಕೆ ಒಂದೇ ಪ್ರಶ್ನೆ. ಮೂರು ಪ್ರಶ್ನೆ ಕೊಟ್ಟರೆ ಮೂರಕ್ಕೂ ಅರ್ಧ ಸಾಲಿನ ಉತ್ತರ ಬರುತ್ತದೆ.

ಹಂತ 4: ಬರೆಯುವ ಏಳು ನಿಮಿಷ

ಪ್ರಶ್ನೆ ಬೋರ್ಡ್ ಮೇಲೆ ಬರೆಯಿರಿ, ಒಮ್ಮೆ ಓದಿ ಹೇಳಿ. ಮೊದಲ ಒಂದು ನಿಮಿಷ ಪೆನ್ನು ಮುಟ್ಟುವಂತಿಲ್ಲ, ಸುಮ್ನೆ ಯೋಚಿಸಬೇಕು. ಉಳಿದ ಐದಾರು ನಿಮಿಷ ಬರೆಯೋದು. ನೀವು ಸಾಲಿನ ನಡುವೆ ಓಡಾಡಿ, ಆದರೆ ತಿದ್ದಬೇಡಿ. ಯಾರಾದರೂ 'ಸರ್, ಇದು ಕರೆಕ್ಟ್ ಐತೇನ್ರಿ?' ಅಂದರೆ 'ನಿನಗೆ ಹೇಗೆ ಅನ್ನಿಸ್ತು, ಅದನ್ನೇ ಬರಿ' ಅನ್ನಿ.

ಭಾಷೆಯ ವಿಷಯದಲ್ಲಿ ಕೈ ಬಿಚ್ಚಿ ಬಿಡಿ. ಮನೆಯಲ್ಲಿ ಆಡುವ ಕನ್ನಡದಲ್ಲೇ ಬರೆಯಲಿ. 'ಐತಿ', 'ಹೆಂಗ', 'ತಿಳೀಲಿಲ್ರಿ' ಎಲ್ಲ ಇರಲಿ. ಕಾಗುಣಿತ ತಿದ್ದಬೇಡಿ. ಒತ್ತಕ್ಷರ ತಪ್ಪೀತು ಅನ್ನೋ ಹೆದರಿಕೆಯಲ್ಲಿ ಬರೆಯುವ ಮಗು ತನಗೆ ಬರುವ ಪದಗಳನ್ನಷ್ಟೇ ಬರೆಯುತ್ತದೆ. ಬೇಕಾದ ಯೋಚನೆ ಒಳಗೇ ಉಳಿದುಬಿಡುತ್ತದೆ.

ನಮ್ಮ ಮೂರೂ ಜಿಲ್ಲೆಯಲ್ಲಿ ಮನೆಮಾತು ಒಂದೇ ಅಲ್ಲ. ಆಂಧ್ರ ಕಡೆಯಿಂದ ಬಂದು ನೆಲೆಸಿದ ರೈತರ ಕ್ಯಾಂಪ್‌ಗಳ ಮಕ್ಕಳ ಮನೆಯಲ್ಲಿ ತೆಲುಗು, ತಾಂಡಾದ ಮಕ್ಕಳ ಮನೆಯಲ್ಲಿ ಲಂಬಾಣಿ, ಇನ್ನೆಷ್ಟೋ ಮನೆಗಳಲ್ಲಿ ಉರ್ದು. ಯೋಚನೆ ಬರೋದು ಆ ಭಾಷೆಯಲ್ಲೇ ಆದರೆ ಆ ಪದವನ್ನೇ ಕನ್ನಡ ಅಕ್ಷರದಲ್ಲಿ ಬರೆಯಲಿ. ನಿಮಗೆ ಗೊತ್ತಾಗದಿದ್ದರೆ ಮರುದಿನ ಕೇಳಿ. ಮೇಷ್ಟ್ರಿಗೆ ಒಂದು ಪದ ಹೇಳಿಕೊಟ್ಟ ಖುಷಿ ಅವರಿಗೂ ಇರಲಿ.

ಬರೆಯಲು ಇನ್ನೂ ಕಷ್ಟಪಡುವ ಮಕ್ಕಳು ಆರನೇ ತರಗತಿಯಲ್ಲೂ ಇರುತ್ತಾರೆ. ಅವರು ಚಿತ್ರ ಬಿಡಿಸಲಿ. ಅರ್ಧ ಎಕರೆ, ಕಾಲೆಕರೆಯನ್ನು ಗೆರೆ ಎಳೆದು ತೋರಿಸಿದರೆ ಅದೂ ಹಿನ್ನೋಟವೇ. ಇಲ್ಲವಾದರೆ ನಿಮ್ಮ ಹತ್ತಿರ ಬಂದು ಹೇಳಲಿ, ನೀವು ಅವರ ಮಾತನ್ನು ಅವರು ಆಡಿದ ಹಾಗೇ ಬರೆದುಕೊಳ್ಳಿ. ಗಣಿತದಲ್ಲಿ ಚುರುಕಾಗಿದ್ದು ಬರವಣಿಗೆಯಲ್ಲಿ ಹಿಂದಿರುವ ಮಗು ಇದರಿಂದ ಹಿಂದೆ ಬೀಳಬಾರದು.

ಖಾಲಿ ಪುಟ ನೋಡಿ ಕೂರುವವರಿಗೆ ಸಾಲಿನ ಶುರು ಕೊಡಿ. ಗೋಡೆಗೆ ಒಂದು ಚಾರ್ಟ್ ಅಂಟಿಸಿದರೆ ಸಾಕು:

'ನಾನು ಮೊದಲು ಅಂದುಕೊಂಡಿದ್ದು...'
'ಇಲ್ಲಿಯವರೆಗೆ ತಿಳಿಯಿತು, ಆದರೆ...'
'ಈ ಹೆಜ್ಜೆ ಯಾಕೆ ಮಾಡಿದೆ ಅಂದರೆ...'
'ಇನ್ನೊಂದು ದಾರಿಯಲ್ಲೂ ಮಾಡಬಹುದು, ಹೇಗೆಂದರೆ...'

ಹಂತ 5: 40 ಪುಸ್ತಕ ಓದುವುದು

ಇಲ್ಲೇ ಬಹಳ ಶಿಕ್ಷಕರು ಕೈಬಿಡೋದು. ಒಂದೊಂದಕ್ಕೂ ಉತ್ತರ ಬರೆಯಲು ಹೊರಟರೆ ಸಂಜೆ ಕತ್ತಲಾಗುತ್ತದೆ. ಹಾಗೆ ಮಾಡಬೇಡಿ. ಓದಿ, ಮೂರು ಗುಡ್ಡೆ ಮಾಡಿ. ಮೊದಲನೆಯದು, ಕಾರಣ ಸಮೇತ ತಿಳಿದವರು. ಎರಡನೆಯದು, ಉತ್ತರ ಬಂದಿದೆ, ಕಾರಣ ಗೊತ್ತಿಲ್ಲದವರು. ಮೂರನೆಯದು, ದಾರಿಯೇ ತಪ್ಪಿದವರು. ಎರಡೇ ಸಾಲು ಇರೋದರಿಂದ ಇದಕ್ಕೆ ಹೆಚ್ಚು ಹೊತ್ತು ಹಿಡಿಯಲ್ಲ.

ಎರಡನೇ ಗುಡ್ಡೆಯನ್ನು ಗಮನವಿಟ್ಟು ನೋಡಿ. ಮೂರನೇ ಗುಡ್ಡೆಯ ಮಕ್ಕಳು ಪರೀಕ್ಷೆಯಲ್ಲೂ ಸಿಗುತ್ತಾರೆ. ಎರಡನೆಯವರು ಸಿಗಲ್ಲ. ಅವರಿಗೆ ಅಂಕ ಬರುತ್ತದೆ, ನಾವೂ ಸಮಾಧಾನವಾಗಿರುತ್ತೇವೆ. ಹೈಸ್ಕೂಲ್‌ಗೆ ಹೋದ ಮೇಲೆ ಇದ್ದಕ್ಕಿದ್ದಂತೆ ಗಣಿತ ಬಿಟ್ಟುಹೋಗೋದು ಇವರಿಗೇ.

ಪ್ರತಿ ಸಲ ಐದಾರು ಪುಸ್ತಕದಲ್ಲಿ ಮಾತ್ರ ಒಂದು ಸಾಲು ಬರೆಯಿರಿ. ಸರದಿ ಪ್ರಕಾರ ಎಲ್ಲರಿಗೂ ಬರುತ್ತದೆ. ಆ ಸಾಲು ಪ್ರಶ್ನೆಯಾಗಿರಲಿ. 'ಗುಡ್' ಅಂತ ಬರೆದರೆ ಮಾತು ಅಲ್ಲಿಗೇ ಮುಗಿಯಿತು. 'ಛೇದ 4ರ ಬದಲು 5 ಇದ್ದಿದ್ದರೆ ಏನು ಮಾಡ್ತಿದ್ದೆ?' ಅಂತ ಬರೆದರೆ ಮಗು ಮುಂದಿನ ಸಲ ಪುಸ್ತಕ ತೆಗೆದ ಕೂಡಲೇ ಅದನ್ನೇ ಓದುತ್ತದೆ. ಅಂಕ, ಗ್ರೇಡ್, ನಕ್ಷತ್ರ ಯಾವುದೂ ಬೇಡ. ಅಂಕ ಬಂತೆಂದರೆ ಮಕ್ಕಳು ನಮಗೆ ಇಷ್ಟವಾಗೋದನ್ನು ಬರೆಯಲು ಶುರು ಮಾಡುತ್ತಾರೆ. ತಿಳಿಯದ್ದನ್ನು ತಿಳಿಯಲಿಲ್ಲ ಅಂತ ಬರೆಯೋ ಧೈರ್ಯ ಹೊರಟುಹೋಗುತ್ತದೆ.

ಹಂತ 6: ಮರುದಿನದ ಮೊದಲ ಐದು ನಿಮಿಷ

ಓದಿದ್ದು ಪಾಠಕ್ಕೆ ಇಳಿಯಬೇಕಾದದ್ದು ಇಲ್ಲಿ. ಎರಡನೇ ಅಥವಾ ಮೂರನೇ ಗುಡ್ಡೆಯಿಂದ ಒಂದು ಸಾಲು ಆರಿಸಿ, ಹೆಸರು ಹೇಳದೆ, ಕೈಬರಹ ತೋರಿಸದೆ ಬೋರ್ಡ್ ಮೇಲೆ ಬರೆಯಿರಿ.

ದಶಮಾಂಶದ ಪಾಠ ನಡೆಯುವಾಗ ನಾನು ಬಳಸುವ ಲೆಕ್ಕ ಹೇಳುತ್ತೇನೆ. ತುಂಗಭದ್ರಾ ಜಲಾಶಯದ ಪೂರ್ಣ ಮಟ್ಟ 1633 ಅಡಿ. ಮಳೆಗಾಲದಲ್ಲಿ ಇವತ್ತಿನ ಮಟ್ಟ ಎಷ್ಟು ಅಂತ ಪತ್ರಿಕೆಯಲ್ಲಿ, ಮೊಬೈಲ್‌ನಲ್ಲಿ ಬರುತ್ತಲೇ ಇರುತ್ತದೆ. 2024ರ ಆಗಸ್ಟ್‌ನಲ್ಲಿ 19ನೇ ಕ್ರಸ್ಟ್ ಗೇಟ್ (ನೀರು ಹೊರಬಿಡುವ ಬಾಗಿಲು) ಕೊಚ್ಚಿಹೋದಾಗಂತೂ ನಾಲೆ ನೀರು ನಂಬಿದ ಊರುಗಳಲ್ಲಿ ಬೇರೆ ಮಾತೇ ಇರಲಿಲ್ಲ. 'ಒಂದು ದಿನ ಮಟ್ಟ 1632.5 ಅಡಿ, ಇನ್ನೊಂದು ದಿನ 1632.45 ಅಡಿ. ಯಾವತ್ತು ನೀರು ಜಾಸ್ತಿ? ಹೇಗೆ ಹೇಳುತ್ತೀ?' ಅಂತ ಹಿನ್ನೋಟಕ್ಕೆ ಕೊಡಿ. '45 ಅನ್ನೋದು 5ಕ್ಕಿಂತ ದೊಡ್ಡದು, ಅದಕ್ಕ 1632.45' ಅಂತ ಬರೆಯುವವರು ಪ್ರತಿ ವರ್ಷ ಇರುತ್ತಾರೆ. ಅವರು ದಡ್ಡರಲ್ಲ. ಪೂರ್ಣ ಸಂಖ್ಯೆಯಲ್ಲಿ ಐದು ವರ್ಷ ಸರಿಯಾಗಿದ್ದ ನಿಯಮವನ್ನೇ ಚುಕ್ಕೆಯ ಆಚೆಗೂ ಒಯ್ದಿದ್ದಾರೆ.

ಮರುದಿನ ಆ ಸಾಲನ್ನು ಬೋರ್ಡ್ ಮೇಲೆ ಬರೆದು, 'ನಿನ್ನೆ ಒಬ್ಬರು ಹೀಗೆ ಯೋಚಿಸಿದ್ದಾರೆ. ಈ ಯೋಚನೆ ಎಲ್ಲಿಂದ ಬಂದಿರಬಹುದು?' ಅಂತ ಕೇಳಿ. ತಪ್ಪೋ ಸರಿಯೋ ಅಂತ ಕೇಳಬೇಡಿ. ಮಕ್ಕಳು ಮಾತಾಡಲಿ. ಯಾರಾದರೂ ಅಡಿ, ಇಂಚಿಗೆ ಬಂದೇ ಬರುತ್ತಾರೆ. ಬರದಿದ್ದರೆ ನೀವು ತನ್ನಿ: 0.5 ಅಡಿ ಅಂದರೆ 6 ಇಂಚು, 0.45 ಅಡಿ ಅಂದರೆ 5.4 ಇಂಚು. ಸ್ಕೇಲ್ ಕೈಯಲ್ಲಿ ಕೊಟ್ಟು ತೋರಿಸಲು ಹೇಳಿ. ಆಮೇಲೆ 0.5 ಅನ್ನು 0.50 ಅಂತ ಬರೆಯಿರಿ. 'ಓ, 50 ಮತ್ತು 45!' ಅನ್ನೋ ಮಾತು ಆಗ ಅವರಿಂದಲೇ ಬರುತ್ತದೆ.

ಆ ಸಾಲು ಬರೆದ ಮಗು ಸುಮ್ಮನೆ ಕೂತು ನೋಡುತ್ತಿರುತ್ತದೆ. ತನ್ನ ತಪ್ಪಿನ ಮೇಲೆ ಇಡೀ ತರಗತಿ ಮರ್ಯಾದೆಯಿಂದ ಯೋಚಿಸುತ್ತಿದೆ ಅಂತ ಅದಕ್ಕೆ ಗೊತ್ತಾಗುತ್ತದೆ. ಮುಂದಿನ ಸಲ ಅದು ಇನ್ನೂ ಬಿಚ್ಚಿ ಬರೆಯುತ್ತದೆ. ತರಗತಿಯಲ್ಲಿ ಒಂದು ಮಾತೂ ಆಡದ ಹೆಣ್ಣುಮಕ್ಕಳು ಈ ಪುಸ್ತಕದಲ್ಲಿ ಪುಟ ತುಂಬಿಸೋದನ್ನು ನಾನು ನೋಡುತ್ತಲೇ ಇದ್ದೇನೆ. ಅವರ ಸಾಲುಗಳನ್ನು ಬೋರ್ಡ್‌ಗೆ ತರಲು ಮರೆಯಬೇಡಿ. ಸರಿಯಾದ ಯೋಚನೆಗಳನ್ನೂ ಆಗಾಗ ತನ್ನಿ, ಇಲ್ಲದಿದ್ದರೆ ಬೋರ್ಡ್‌ಗೆ ಬಂದದ್ದೆಲ್ಲ ತಪ್ಪು ಅಂತಾಗಿಬಿಡುತ್ತದೆ.

ಹಂತ 7: ಟೆಸ್ಟ್ ದಿನದ ಹಿನ್ನೋಟ

ರೂಪಣಾತ್ಮಕ (ಪಾಠದ ನಡುನಡುವೆ ಮಾಡೋದು), ಸಂಕಲನಾತ್ಮಕ (ಅರ್ಧವರ್ಷದ ಕೊನೆಗೆ ಮಾಡೋದು) ಅಂತ ವರ್ಷಕ್ಕೆ ಆರು ಮೌಲ್ಯಮಾಪನ ಹೇಗೂ ಮಾಡುತ್ತೇವೆ. ಉತ್ತರ ಪತ್ರಿಕೆ ವಾಪಸ್ ಕೊಟ್ಟಾಗ ಮಗು ಅಂಕ ನೋಡುತ್ತದೆ, ಪಕ್ಕದವರ ಅಂಕ ನೋಡುತ್ತದೆ, ಬ್ಯಾಗಿಗೆ ತುರುಕುತ್ತದೆ. ಆ ಪತ್ರಿಕೆಯಿಂದ ಇನ್ನೂ ಬಹಳ ಕೆಲಸ ತೆಗೆಯಬಹುದು.

ಪತ್ರಿಕೆ ಒಪ್ಪಿಸುವ ಮೊದಲೇ ಪ್ರತಿ ಪ್ರಶ್ನೆಯ ಪಕ್ಕ ಪೆನ್ಸಿಲ್‌ನಲ್ಲಿ ಒಂದು ಪದ ಬರೆಯಲು ಹೇಳಿ: ಖಾತ್ರಿ, ಅನುಮಾನ, ಗೊತ್ತಿಲ್ಲ. ಮೌಲ್ಯಮಾಪನ ಆಗಿ ವಾಪಸ್ ಬಂದ ಮೇಲೆ ಮಗು ಎರಡನ್ನೂ ಹೋಲಿಸಬೇಕು. ಅನುಮಾನ ಅಂದದ್ದು ತಪ್ಪಾದರೆ ಸರಿ, ಅದಕ್ಕೆ ತನ್ನ ಬಗ್ಗೆ ಗೊತ್ತಿದೆ. ಖಾತ್ರಿ ಅಂತ ಬರೆದದ್ದೇ ತಪ್ಪಾಗಿದ್ದರೆ ಅಲ್ಲಿ ನಿಲ್ಲಬೇಕು. ಆ ಒಂದು ಲೆಕ್ಕವನ್ನು ಹಿನ್ನೋಟ ಪುಸ್ತಕದಲ್ಲಿ ಮತ್ತೆ ಬಿಡಿಸಿ, ಎಲ್ಲಿ ಜಾರಿತು ಅಂತ ಬರೆಯಬೇಕು. ಪ್ರಶ್ನೆ ಓದುವಾಗಲೇ ತಪ್ಪಿತೇ? ಯಾವ ದಾರಿ ಹಿಡಿಯಬೇಕು ಅಂತ ಗೊತ್ತಿರಲಿಲ್ಲವೇ? ದಾರಿ ಸರಿ ಇದ್ದು ಕೂಡೋ ಕಳೆಯೋದರಲ್ಲಿ ತಪ್ಪಿತೇ?

ಈ ಮೂರಕ್ಕೂ ಮದ್ದು ಬೇರೆ ಬೇರೆ. ಪ್ರಶ್ನೆ ಓದುವಾಗ ತಪ್ಪುವ ಮಗುವಿಗೆ ಇನ್ನಷ್ಟು ಲೆಕ್ಕ ಕೊಟ್ಟು ಪ್ರಯೋಜನ ಇಲ್ಲ. ಅದಕ್ಕೆ ಬೇಕಿರೋದು ವಾಕ್ಯ ರೂಪದ ಲೆಕ್ಕವನ್ನು ತನ್ನ ಮಾತಿನಲ್ಲಿ ಹೇಳುವ ಅಭ್ಯಾಸ. 'ಮಗ್ಗಿ ಸರಿ ಕಲಿ' ಅಂತ ಎಲ್ಲರಿಗೂ ಒಂದೇ ಔಷಧಿ ಬರೆದುಕೊಡೋದು ಇದರಿಂದ ತಪ್ಪುತ್ತದೆ.

ಹಂತ 8: ಸುಗ್ಗಿ, ಗುಳೆ, ಬಿಟ್ಟುಹೋದ ಪಾಠ

ನಮ್ಮ ಭಾಗದಲ್ಲಿ ಇದನ್ನು ಬಿಟ್ಟು ಮಾತಾಡಿದರೆ ಪೂರ್ತಿ ಆಗಲ್ಲ. ಹತ್ತಿ ಬಿಡಿಸುವಾಗ, ಮೆಣಸಿನಕಾಯಿ ಬಿಡಿಸುವಾಗ ತರಗತಿಯ ಬೆಂಚು ಖಾಲಿಯಾಗುತ್ತವೆ. ಕೆಲವು ಕುಟುಂಬ ಗುಳೆ ಹೋಗುತ್ತವೆ, ಮಗು ತಿಂಗಳುಗಟ್ಟಲೆ ಬರಲ್ಲ. ವಾಪಸ್ ಬಂದಾಗ ತರಗತಿ ಸಮೀಕರಣದಲ್ಲಿ ಇರುತ್ತದೆ, ಮಗು ಭಿನ್ನರಾಶಿಯ ಅರ್ಧದಲ್ಲಿ.

ಬಂದ ಮೊದಲ ದಿನ ಆ ಮಗುವಿನ ಹಿನ್ನೋಟ ಪುಸ್ತಕ ತೆಗೆದು ಇಬ್ಬರೂ ಕೂತು ಓದಿ. ಹೋಗುವ ಮೊದಲು ಏನು ತಿಳಿದಿತ್ತು, ಎಲ್ಲಿ ನಿಂತಿತ್ತು ಅಂತ ಅದರ ಕೈಬರಹದಲ್ಲೇ ಇರುತ್ತದೆ. ಶುರು ಎಲ್ಲಿಂದ ಮಾಡಬೇಕು ಅಂತ ನಿಮಗೆ ಗೊತ್ತಾಗುತ್ತದೆ. 'ಎಲ್ಲಾ ಮರೆತೀನ್ರಿ' ಅನ್ನೋ ಮಗುವಿಗೂ ತಾನು ಬರೆದದ್ದನ್ನು ಓದಿದರೆ ಸ್ವಲ್ಪ ಧೈರ್ಯ ಬರುತ್ತದೆ. ಆಮೇಲೆ, ಬಿಟ್ಟುಹೋದ ಪಾಠಕ್ಕೆ ಗೆಳೆಯರ ಪುಸ್ತಕ ಕೊಡಿ, ಅವರ ಒಪ್ಪಿಗೆ ಕೇಳಿಯೇ ಕೊಡಿ. ಬೇರೆ ಮಗು ತಾನು ಎಲ್ಲಿ ಎಡವಿದೆ ಅಂತ ಬರೆದದ್ದನ್ನು ಓದಿದಾಗ ಎಷ್ಟೋ ಸಲ ಗೈಡ್ ಪುಸ್ತಕಕ್ಕಿಂತ ಬೇಗ ತಿಳಿಯುತ್ತದೆ.

ಹೊರಗೆ ಇದ್ದ ದಿನಗಳ ಗಣಿತವನ್ನೂ ಬರೆಸಿ. ಕಿಲೋಗೆ ಇಷ್ಟು ಅಂತ ಹತ್ತಿ ಬಿಡಿಸಿದ ಕೂಲಿ, ಇಟ್ಟಿಗೆ ಎಣಿಕೆ, ಬಸ್ ಚಾರ್ಜ್, ಇವುಗಳಲ್ಲಿ ಅನುಪಾತ ಇದೆ, ಗುಣಾಕಾರ ಇದೆ. ಮಗು ಕೆಲಸಕ್ಕೆ ಹೋಗಿದ್ದು ಸರಿ ಅಂತ ಇದರ ಅರ್ಥ ಅಲ್ಲ. ಅದರ ಜಾಗ ತರಗತಿಯೇ. ಆದರೆ ಹೋಗಿ ಬಂದ ಮಗುವಿಗೆ ತಾನು ಖಾಲಿ ಕೈಯಲ್ಲಿ ಬಂದೆ ಅನ್ನಿಸಬಾರದು.

ನಡುವೆ ಬರುವ ತೊಡಕುಗಳು

ಎಲ್ಲರದ್ದೂ ಒಂದೇ ಉತ್ತರ ಬಂದರೆ ನಕಲು ನಡೆದಿದೆ, ಅಂದರೆ ಮಕ್ಕಳು ಇದನ್ನು ಪರೀಕ್ಷೆ ಅಂದುಕೊಂಡಿದ್ದಾರೆ. ಬೈಯಬೇಡಿ. ಮುಂದಿನ ಸಲ ಒಂದೇ ಉತ್ತರ ಬರಲು ಸಾಧ್ಯವೇ ಇಲ್ಲದ ಪ್ರಶ್ನೆ ಕೊಡಿ: 'ಈ ಪಾಠದ ಮೇಲೆ ನೀನೇ ಒಂದು ಲೆಕ್ಕ ಮಾಡು, ಅದರಲ್ಲಿ ಗೆಳೆಯರು ಎಲ್ಲಿ ತಪ್ಪಬಹುದು ಅಂತಲೂ ಬರಿ.'

'ಎಲ್ಲಾ ತಿಳಿದಿದೆ' ಅಂತ ಎರಡು ಪದ ಬರೆದು ಮುಚ್ಚಿಡುವವರು ಇರುತ್ತಾರೆ. ಅವರಿಗೆ ಆರನೇ ತರಗತಿ ಮಗುವಿಗೆ ಇದನ್ನು ಹೇಗೆ ಹೇಳಿಕೊಡುತ್ತೀ ಅಂತ ಕೇಳಿ. ಆ ಪ್ರಶ್ನೆಗೆ ಎರಡು ಪದ ಸಾಲಲ್ಲ.

ಪಾಲಕರ ಸಭೆಯಲ್ಲಿ ಈ ಪುಸ್ತಕ ತೋರಿಸಬಹುದಾ? ಮಗು ಒಪ್ಪಿದರೆ ತೋರಿಸಿ. ಓದು ಬಾರದ ತಾಯಿ ಬಂದಿದ್ದರೆ ಮಗುವೇ ಒಂದು ಪುಟ ಓದಿ ಹೇಳಲಿ. ಗುಂಟೆ ಲೆಕ್ಕದಲ್ಲಿ ಆ ತಾಯಿ ನಮ್ಮೆಲ್ಲರಿಗಿಂತ ಮುಂದಿರುತ್ತಾರೆ, ಅಲ್ಲಿಂದ ಮಾತು ತಾನಾಗಿ ಬೆಳೆಯುತ್ತದೆ.

ಹಂತ 9: ತಿಂಗಳಿಗೊಮ್ಮೆ, ವರ್ಷಕ್ಕೊಮ್ಮೆ

ತಿಂಗಳ ಕೊನೆಯ ಶುಕ್ರವಾರ ಹೊಸ ಪ್ರಶ್ನೆ ಕೊಡಬೇಡಿ. ಮಕ್ಕಳು ತಮ್ಮ ಹಳೆಯ ಪುಟಗಳನ್ನೇ ಓದಲಿ. ಅವುಗಳಲ್ಲಿ ಈಗ ಬೇರೆ ಥರ ಯೋಚಿಸುವ ಒಂದು ಸಾಲನ್ನು ಹುಡುಕಿ, ಅದರ ಕೆಳಗೆ ಇವತ್ತಿನ ದಿನಾಂಕ ಹಾಕಿ ಹೊಸ ಸಾಲು ಬರೆಯಲಿ. ಹಳೆಯದನ್ನು ಅಳಿಸುವಂತಿಲ್ಲ. ಎರಡೂ ಒಂದರ ಕೆಳಗೊಂದು ಇರಬೇಕು.

ಮಾರ್ಚ್‌ನಲ್ಲಿ ಪುಸ್ತಕದ ಕೊನೆಯ ಪುಟ ಮುಂದಿನ ಶಿಕ್ಷಕರಿಗೆ. 'ನನಗೆ ಗಟ್ಟಿಯಾಗಿ ಬರೋದು ಇದು, ಇನ್ನೊಮ್ಮೆ ಹೇಳಿಕೊಡಬೇಕಾದದ್ದು ಇದು, ನನಗೆ ಹೀಗೆ ಹೇಳಿದರೆ ತಿಳಿಯುತ್ತದೆ' ಅಂತ ಮಗುವೇ ಬರೆಯಲಿ. ಆರು, ಏಳರವರ ಪುಸ್ತಕ ಡಬ್ಬಿ ಸಮೇತ ಮುಂದಿನ ತರಗತಿಗೆ ಹೋಗಲಿ. ಎಂಟು ಮುಗಿಸಿ ಹೈಸ್ಕೂಲ್‌ಗೆ ಹೋಗುವವರಿಗೆ ಟಿ.ಸಿ. ಕೊಡುವ ದಿನ ಪುಸ್ತಕವನ್ನೂ ಕೈಗೆ ಕೊಡಿ. ಒಂಬತ್ತನೇ ತರಗತಿಯ ಗಣಿತ ಶಿಕ್ಷಕರಿಗೆ ಮೊದಲ ವಾರದಲ್ಲೇ ಆ ಕೊನೆಯ ಪುಟ ತೋರಿಸಲು ಹೇಳಿ.